ಹಳೆ ಸ್ಪ್ಲೆಂಡರ್‌ನ ಆಯಿಲ್ ಲೆಕ್ಕ: ಮೇ ತಿಂಗಳಿಂದ ಆಗಸ್ಟ್‌ವರೆಗೆ

ಮೇ 14, 2025, ಬುಧವಾರ. ಮೀಟರ್ 84,212.

ಜೇವರ್ಗಿಯಿಂದ ಕಲಬುರಗಿಗೆ ವಾಪಸ್ ಬರುತ್ತಿದ್ದೆ. ಮಧ್ಯಾಹ್ನ ಮೂರೂವರೆ. ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ ದಾಟಿ, ಫರಹತಾಬಾದ್ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ ಎಂಜಿನ್ ಸದ್ದು ಬದಲಾಯಿತು. ಕಟಕಟ, ಕಟಕಟ. ದಾರ ಹಾಕದೆ ಹೊಲಿಗೆ ಮಷೀನ್ ತುಳಿದ ಹಾಗೆ. ರೇಸ್ ಕೊಟ್ಟರೆ ಆ ಸದ್ದೂ ಜೋರಾಗುತ್ತಿತ್ತು. ಮುಂದೆ ಒಂದು ಬೇವಿನ ಮರ ಕಂಡಿತು. ಅದರ ಕೆಳಗೆ ನಿಲ್ಲಿಸಿ ಗಾಡಿ ಬಂದ್ ಮಾಡಿದೆ.

ಇದು 2009ರ ಸ್ಪ್ಲೆಂಡರ್ ಪ್ಲಸ್. ಮೊದಲು ಅಪ್ಪ ಓಡಿಸುತ್ತಿದ್ದರು. ಈಗ ನಾನು ದಿನಾ ಕಲಬುರಗಿಯಿಂದ ಜೇವರ್ಗಿಗೆ ಹೋಗಿ ಬರುತ್ತೇನೆ. ಅಲ್ಲಿ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಎರಡೂ ಕಡೆ ಸೇರಿ ದಿನಕ್ಕೆ 80 ಕಿ.ಮೀ. ವಾರಕ್ಕೆ 500ರ ಹತ್ತಿರ. ಮೇ ತಿಂಗಳ ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಗಾಳಿಯಿಂದಲೇ ತಣ್ಣಗಾಗಬೇಕಾದ ಎಂಜಿನ್‌ಗೆ ಬಡಿಯುವ ಗಾಳಿಯೂ ಬೆಂಕಿಯ ಹಾಗೇ ಇರುತ್ತದೆ.

ಹತ್ತು ನಿಮಿಷ ಬಿಟ್ಟು ಬಲಗಡೆ ಇರುವ ಆಯಿಲ್ ಮುಚ್ಚಳ ತಿರುಗಿಸಿ ತೆಗೆದೆ. ಅದರ ಕೆಳಗೇ ಡಿಪ್‌ಸ್ಟಿಕ್, ಅಂದರೆ ಎಣ್ಣೆ ಅಳೆಯುವ ಕಡ್ಡಿ ಇರುತ್ತದೆ. ಅದರ ಮೇಲೆ ಎರಡು ಗೆರೆ, ಎಣ್ಣೆ ಅವೆರಡರ ನಡುವೆ ಇರಬೇಕು. ಕರ್ಚೀಫಿನಿಂದ ಒರೆಸಿದೆ. ಮುಚ್ಚಳ ಇನ್ನೂ ಬಿಸಿ ಇತ್ತು, ತಿರುಗಿಸಿ ಕೂರಿಸಲು ಬೆರಳು ನಿಲ್ಲಲಿಲ್ಲ. ಸುಮ್ನೆ ತೂತಿನ ಮೇಲೆ ಕೂರಿಸಿ ಹೊರಗೆ ತೆಗೆದೆ. ಕಡ್ಡಿಯ ತುದಿಗೆ ಒಂದು ಹನಿ. ಅಷ್ಟೇ. ಕೆಳಗಿನ ಗೆರೆಯೇ ಒಣ.

ನನಗೆ ಎದೆ ಧಸಕ್ಕೆಂದಿತು. ಯಾಕೆಂದರೆ ಮೂರು ದಿನದ ಹಿಂದೆ, ಭಾನುವಾರ, ಮನೆ ಅಂಗಳದಲ್ಲಿ ನೋಡಿದಾಗ ಎಣ್ಣೆ ಎರಡು ಗೆರೆಗಳ ಮಧ್ಯ ಇತ್ತು. ಮೂರೇ ದಿನದಲ್ಲಿ ಎಲ್ಲಿ ಹೋಯಿತು? ಈ ಸಲ ಕರ್ಚೀಫ್ ಸುತ್ತಿ ಹಿಡಿದು, ಮನೆಯಲ್ಲಿ ಮಾಡುವ ಹಾಗೆ ಪೂರ್ತಿ ತಿರುಗಿಸಿ ಬಿಗಿ ಮಾಡಿ ತೆಗೆದೆ. ಈಗ ಎಣ್ಣೆ ಕೆಳಗಿನ ಗೆರೆ ದಾಟಿ ಸ್ವಲ್ಪ ಮೇಲೆ ತೋರಿಸಿತು. ಅದೇ ಗಾಡಿ, ಅದೇ ಜಾಗ, ಎರಡು ನಿಮಿಷದ ಅಂತರ. ಎರಡು ಬೇರೆ ಲೆಕ್ಕ.

ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ರೈತರು ಗಾಡಿ ನಿಲ್ಲಿಸಿ ಕೇಳಿದರು: "ಏನಾಗ್ಯದ್ರಿ ತಮ್ಮಾ? ಪೆಟ್ರೋಲ್ ಏನು?" "ಇಲ್ರಿ ಕಾಕಾ, ಆಯಿಲ್ ಮುಗ್ದದ." ಹಿಂದೆ ಕೂರಿಸಿಕೊಂಡು ಊರೊಳಗಿನ ಅಂಗಡಿಗೆ ಬಿಟ್ಟು, ನಾನು 10ಡಬ್ಲ್ಯೂ-30 ಗ್ರೇಡಿನ (ಎಣ್ಣೆ ಎಷ್ಟು ದಪ್ಪ ಅಂತ ಹೇಳುವ ಗುರುತು ಇದು) ಆಯಿಲ್ ತಗೊಂಡ ಮೇಲೆ ವಾಪಸ್ ಮರದ ತನಕ ಬಿಟ್ಟೇ ಹೋದರು. 900 ಎಂ.ಎಲ್. ಡಬ್ಬಿ. ಅದರ ಪಕ್ಕದ ಅಳತೆ ಪಟ್ಟಿ ನೋಡಿಕೊಂಡು ಸ್ವಲ್ಪ ಸ್ವಲ್ಪವೇ 250 ಹಾಕಿದೆ. ಸ್ಟಾರ್ಟ್ ಮಾಡಿ ಒಂದು ನಿಮಿಷದೊಳಗೆ ಕಟಕಟ ಕಡಿಮೆ ಆಯಿತು. 40ರ ಸ್ಪೀಡಿನಲ್ಲೇ ಮನೆ ಮುಟ್ಟಿದೆ.

ಈ ಗಾಡಿಯಲ್ಲಿ ಆಯಿಲ್ ಕಡಿಮೆ ಆದರೆ ಹೇಳುವ ದೀಪ ಇಲ್ಲ. ಕಡ್ಡಿ ಹೇಳಬೇಕು, ಇಲ್ಲಾ ಎಂಜಿನ್ನೇ ಕೂಗಬೇಕು. ಎಂಜಿನ್ ಕೂಗುವ ಹೊತ್ತಿಗೆ ಒಳಗೆ ಸವೆತ ಶುರುವಾಗಿರುತ್ತದೆ.

ರಾತ್ರಿ ಅಪ್ಪನ ಟ್ರಂಕಿನಿಂದ ಗಾಡಿಯ ಕೈಪಿಡಿ ಹುಡುಕಿ ತೆಗೆದೆ. ಅಲ್ಲಿ ಸ್ಪಷ್ಟವಾಗಿ ಇತ್ತು: ಡಬಲ್ ಸ್ಟ್ಯಾಂಡ್ ಹಾಕಿ, ಸಮ ನೆಲದಲ್ಲಿ ನಿಲ್ಲಿಸಿ, ಕೆಲವು ನಿಮಿಷ ಎಂಜಿನ್ ಓಡಿಸಿ, ಬಂದ್ ಮಾಡಿ ಎರಡು ಮೂರು ನಿಮಿಷ ಬಿಡಿ, ಕಡ್ಡಿ ಒರೆಸಿ, ತಿರುಗಿಸದೆ ಇಟ್ಟು ನೋಡಿ. ತಿರುಗಿಸದೆ! ನಾನು ಇಷ್ಟು ವರ್ಷ ತಿರುಗಿಸಿಯೇ ನೋಡಿದ್ದೆ. ತಿರುಗಿಸಿದರೆ ಆಟಿಯಷ್ಟು (ಮುಚ್ಚಳ ತಿರುಗಿ ಕಚ್ಚುವ ಸುರುಳಿ ಗೆರೆಗಳಷ್ಟು) ಉದ್ದ, ಹೆಚ್ಚುಕಮ್ಮಿ ಒಂದು ಬೆರಳಿನ ಅಗಲ, ಕಡ್ಡಿ ಜಾಸ್ತಿ ಒಳಗೆ ಮುಳುಗುತ್ತದೆ. ಆಗ ಇಲ್ಲದ ಎಣ್ಣೆ ಇದೆ ಅಂತ ತೋರಿಸುತ್ತದೆ. ಎಲ್ಲ ಗಾಡಿಗೂ ಇದೇ ನಿಯಮ ಅಲ್ಲ. ಕೆಲವು ಗಾಡಿಗಳಲ್ಲಿ ತಿರುಗಿಸಿ ಬಿಗಿ ಮಾಡಿಯೇ ನೋಡಬೇಕು. ಕೆಲವಕ್ಕೆ ಕಡ್ಡಿಯೇ ಇಲ್ಲ, ಎಂಜಿನ್ ಪಕ್ಕದಲ್ಲಿ ಗಾಜಿನ ಕಿಂಡಿ ಇರುತ್ತದೆ. ನಿಮ್ಮ ಗಾಡಿಯದ್ದು ಯಾವುದು ಅಂತ ಒಂದು ಸಲ ಕೈಪಿಡಿಯಲ್ಲೇ ನೋಡಿಬಿಡಿ. ಗೆಳೆಯನ ಮಾತು ನಂಬಬೇಡಿ, ಗೆಳೆಯನ ಗಾಡಿ ಬೇರೆ ಇರಬಹುದು.

ಮೇ 18, ಭಾನುವಾರ. ಮೀಟರ್ 84,478.

ತಿರುಗಿಸುವ ತಪ್ಪು ಗೊತ್ತಾಯಿತು. ಆದರೂ ಲೆಕ್ಕ ಪೂರ್ತಿ ಕೂಡುತ್ತಿರಲಿಲ್ಲ. ಮನೆಯಲ್ಲಿ ತಿರುಗಿಸಿ ನೋಡಿದಾಗ ಎರಡು ಗೆರೆಯ ಮಧ್ಯ, ರಸ್ತೆಯಲ್ಲಿ ತಿರುಗಿಸಿ ನೋಡಿದಾಗ ಕೆಳಗಿನ ಗೆರೆಯ ಹತ್ತಿರ. ಇನ್ನೊಂದು ಏನೋ ಇದೆ ಅನ್ನಿಸಿತು.

ನಮ್ಮ ಅಂಗಳಕ್ಕೆ ಶಹಾಬಾದ್ ಪರಸಿ (ಹಾಸುಗಲ್ಲು) ಹಾಕಿಸಿದ್ದೇವೆ. ಕಣ್ಣಿಗೆ ನುಣ್ಣಗೆ, ಸಮ. ಮಗಳ ಹತ್ತಿರ ಒಂದು ಗೋಲಿ ಇಸಕೊಂಡು ಗಾಡಿ ನಿಲ್ಲಿಸುವ ಜಾಗದಲ್ಲಿ ಇಟ್ಟೆ. ಒಂದು ಕ್ಷಣ ನಿಂತು, ನಿಧಾನಕ್ಕೆ ಉರುಳಿ, ಆಮೇಲೆ ಓಡುತ್ತಾ ಬಚ್ಚಲ ಮೋರಿಗೆ ಹೋಗಿ ಬಿತ್ತು. ನೀರು ಹರಿದು ಹೋಗಲಿ ಅಂತ ಗೌಂಡಿ ಇಳಿಜಾರು ಕೊಟ್ಟೇ ಹಾಸಿದ್ದಾರೆ. ಅದು ಅವರ ಸರಿಯಾದ ಕೆಲಸ. ಆದರೆ ನಾನು ಗಾಡಿಯನ್ನು ಗೇಟಿನ ಕಡೆ ಮುಖ ಮಾಡಿ ನಿಲ್ಲಿಸಿದರೆ ಮೋರಿ ಬಲಗಡೆಗೆ ಬರುತ್ತದೆ. ಕಡ್ಡಿಯ ತೂತೂ ಬಲಗಡೆಯೇ. ಎಣ್ಣೆ ಆ ಕಡೆಗೆ ವಾಲಿ ನಿಲ್ಲುತ್ತದೆ, ಕಡ್ಡಿ ಜಾಸ್ತಿ ತೋರಿಸುತ್ತದೆ.

ನೋಡೇಬಿಡೋಣ ಅಂತ ಮೂರು ನಿಮಿಷ ಓಡಿಸಿ, ಮೂರು ನಿಮಿಷ ಬಿಟ್ಟು, ತಿರುಗಿಸದೆ ಕಡ್ಡಿ ಇಟ್ಟು ತೆಗೆದೆ. ಎಣ್ಣೆಯ ಅಂಚಿಗೆ ಸ್ಕೇಲ್ ಹಿಡಿದೆ. ಆಮೇಲೆ ಗಾಡಿಯನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ತಿರುಗಿಸಿ, ಡಬಲ್ ಸ್ಟ್ಯಾಂಡ್ ಹಾಕಿ, ಮತ್ತೆ ನೋಡಿದೆ. 4 ಮಿಲಿಮೀಟರ್ ಕಡಿಮೆ. ಎರಡು ಗೆರೆಗಳ ನಡುವಿನ ಪಟ್ಟಿಯೇ ಚಿಕ್ಕದು, ಅದರಲ್ಲಿ 4 ಮಿ.ಮೀ. ಅಂದರೆ ತುಂಬಾ ದೊಡ್ಡದು.

ಅಂದರೆ ನನ್ನ ಎರಡು ತಪ್ಪೂ ಒಂದೇ ಕಡೆಗೆ ಎಳೆಯುತ್ತಿದ್ದವು. ಎರಡೂ ಸೇರಿ ಖಾಲಿಯಾಗುತ್ತಿದ್ದ ಎಂಜಿನ್ನನ್ನು ತುಂಬಿದೆ ಅಂತ ತೋರಿಸುತ್ತಿದ್ದವು. ಸೈಡ್ ಸ್ಟ್ಯಾಂಡ್ ಮೇಲೆ ನೋಡುವವರದ್ದು ಇದರ ಉಲ್ಟಾ. ಗಾಡಿ ಎಡಕ್ಕೆ ವಾಲುತ್ತದೆ, ಬಲಗಡೆಯ ಕಡ್ಡಿ ಕಡಿಮೆ ತೋರಿಸುತ್ತದೆ. ಅವರು ಬೇಕಿಲ್ಲದಿದ್ದರೂ ಸುರಿಯುತ್ತಾರೆ.

ಸಮ ಜಾಗ ಹುಡುಕಲು ಗೋಲಿ ಹಿಡಿದು ಮನೆಯೆಲ್ಲ ಓಡಾಡಿದೆವು. ಕೊನೆಗೆ ಪಡಸಾಲೆಯ ಮುಂದಿನ ಎರಡು ಪರಸಿಯ ಮೇಲೆ ಗೋಲಿ ನಿಂತಲ್ಲೇ ನಿಂತಿತು. ಅಲ್ಲಿ ಗಾಡಿ ಏರಿಸಿ, ಡಬಲ್ ಸ್ಟ್ಯಾಂಡಿನ ಎರಡು ಕಾಲು ಮತ್ತು ಹಿಂದಿನ ಚಕ್ರ ಕೂರುವ ಕಡೆ ಬಿಳಿ ಪೇಂಟಿನಿಂದ ಚುಕ್ಕೆ ಇಟ್ಟೆ. "ಮನೆ ಮುಂದೆ ರಂಗೋಲಿ ಹಾಕೋದು ನಾನು, ನೀವ್ಯಾಕ್ರಿ?" ಅಂದಳು ಹೆಂಡತಿ. ಹಿಂದುಮುಂದು ಮಾಡಿ ಎರಡು ಸಲ ನೋಡಿದೆ. ಎರಡೂ ಸಲ ಒಂದೇ ಅಳತೆ ಬಂತು. ಇನ್ನು ಮುಂದೆ ಆ ಚುಕ್ಕೆಗಳ ಮೇಲೆಯೇ ಅಳೆಯುವುದು.

ಎಂಜಿನ್ ಬೆಚ್ಚಗಿತ್ತು, ಅದೇ ಹೊತ್ತಿನಲ್ಲಿ ಹಳೆ ಆಯಿಲ್ ಇಳಿಸಿದೆ. ಬೆಚ್ಚಗಿದ್ದರೆ ತೆಳ್ಳಗಾಗಿ ಪೂರ್ತಿ ಬರುತ್ತದೆ. ಮೊದಲು ಚೇಂಬರ್ (ಎಣ್ಣೆ ನಿಲ್ಲುವ ಎಂಜಿನ್‌ನ ಕೆಳಗಿನ ಪೆಟ್ಟಿಗೆ) ಕೆಳಗಿನ ಎರೆಮಣ್ಣು ಕೆರೆದು ತೆಗೆದೆ. ನಮ್ಮ ಕಡೆಯ ಎರೆಮಣ್ಣು ಒಮ್ಮೆ ಅಂಟಿ ಎಂಜಿನ್ ಬಿಸಿಗೆ ಒಣಗಿದರೆ ಸಿಮೆಂಟ್ ಆಗುತ್ತದೆ. ಅದನ್ನು ತೆಗೆಯದೆ ನಟ್ ಬಿಚ್ಚಿದರೆ ಮಣ್ಣು ಆಟಿಯೊಳಗೆ ಸೇರುತ್ತದೆ. 17ರ ರಿಂಗ್ ಪಾನಾ ಹಾಕಿ ಡ್ರೇನ್ ನಟ್ ಬಿಚ್ಚಿದೆ. ನಟ್ಟಿನ ವಾಷರ್ ಹಳೆಯದು, ಒಂದು ಕಡೆ ತಗ್ಗು ಬಿದ್ದು ಅದರ ಸುತ್ತ ಎಣ್ಣೆಯ ಕಪ್ಪು ಗೆರೆ ಇತ್ತು. ಹೋದ ಸಲ ಸರ್ವಿಸ್ ಮಾಡಿಸಿದ ಕಡೆ ಅದನ್ನೇ ಮತ್ತೆ ಹಾಕಿ ಬಿಗಿದಿದ್ದಾರೆ. ಅದೇ ಕಡೆ 900ರ ಡಬ್ಬಿ ಪೂರ್ತಿ ಬಗ್ಗಿಸಿಯೂ ಬಿಟ್ಟಿದ್ದರು. ಜಾಸ್ತಿ ಆದ ಎಣ್ಣೆ ಉಸಿರಾಡುವ ಪೈಪಿನಿಂದ ಮೇಲೆ ಹೋಗಿ ಏರ್ ಫಿಲ್ಟರ್ ಡಬ್ಬ ತೋಯಿಸಿತ್ತು. ಕಡಿಮೆ ಆದರೆ ಎಷ್ಟು ಕೆಟ್ಟದ್ದೋ ಜಾಸ್ತಿ ಆದರೂ ಎಂಜಿನ್‌ಗೆ ಒಳ್ಳೆಯದಲ್ಲ. ಒಳಗೆ ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಮಾಡುತ್ತವೆ. ನೊರೆ ಲೋಹವನ್ನು ಕಾಯುವುದಿಲ್ಲ.

ಇಳಿದ ಆಯಿಲನ್ನು ಒಂದು ಲೀಟರಿನ ನೀರಿನ ಬಾಟಲಿಗೆ ಹಾಕಿ ಅಳೆದೆ. 650ಕ್ಕೆ ಸ್ವಲ್ಪ ಮೇಲೆ. ಅದರಲ್ಲಿ 250 ನಾನು ದಾರಿಯಲ್ಲಿ ಹಾಕಿದ್ದು. ಅಂದರೆ ಬುಧವಾರ ಆ ಬೇವಿನ ಮರದ ಕೆಳಗೆ ನಿಂತಾಗ ಎಂಜಿನ್‌ನಲ್ಲಿ ಇರಬೇಕಾದ್ದರ ಅರ್ಧದಷ್ಟು ಮಾತ್ರ ಇತ್ತು. ಅಷ್ಟರಲ್ಲೇ ಅದು ಪಿಸ್ಟನ್, ಗೇರ್, ಕ್ಲಚ್ ಮೂರನ್ನೂ ಸಂಭಾಳಿಸುತ್ತಿತ್ತು. ಕಾರಿನಲ್ಲಿ ಎಂಜಿನ್‌ಗೆ ಬೇರೆ, ಗೇರ್ ಬಾಕ್ಸ್‌ಗೆ ಬೇರೆ ಎಣ್ಣೆ. ನಮ್ಮ ಗಾಡಿಗಳಲ್ಲಿ ಮೂರಕ್ಕೂ ಒಂದೇ. ಅದಕ್ಕೇ ಕಾರಿನ ಆಯಿಲ್ ಇಲ್ಲಿ ನಡೆಯಲ್ಲ. ಅದರಲ್ಲಿ ಜಾರಿಸುವ ರಾಸಾಯನಿಕ ಸೇರಿಸಿದ್ದರೆ ಎಣ್ಣೆಯಲ್ಲೇ ಮುಳುಗಿರುವ ಕ್ಲಚ್ ಪ್ಲೇಟ್ ಕಚ್ಚದೆ ಜಾರುತ್ತದೆ. ಡಬ್ಬಿಯ ಹಿಂದೆ ಜಾಸೋ ಎಂಎ (JASO MA) ಅಂತ ಬರೆದಿದೆಯಾ ನೋಡಿ ತಗೊಳ್ಳಿ. ಕ್ಲಚ್ ಎಣ್ಣೆಯಲ್ಲಿ ಮುಳುಗಿರುವ ಗಾಡಿಗಳಿಗೆ ಅಂತಲೇ ಇರುವ ಗುರುತು ಅದು.

ಹೊಸ ವಾಷರ್ ಹಾಕಿ ನಟ್ ಕೂರಿಸಿದೆ. ಮೊದಲು ಬೆರಳಿನಿಂದಲೇ ತಿರುಗಿಸಬೇಕು. ಪಾನಾದಿಂದ ಶುರು ಮಾಡಿದರೆ ಆಟಿ ಅಡ್ಡ ಕಚ್ಚಿದ್ದು ಗೊತ್ತಾಗುವುದಿಲ್ಲ. ಚೇಂಬರ್ ಅಲ್ಯೂಮಿನಿಯಂ, ಒಂದು ಸಲ ಆಟಿ ಹೋದರೆ ನಟ್ಟಿನ ಖರ್ಚಲ್ಲ, ಎಂಜಿನ್ ಬಿಚ್ಚುವ ಖರ್ಚು.

ಆಮೇಲೆ ನಾನು ಮಾಡಿದ್ದು ಎಲ್ಲರೂ ಒಮ್ಮೆ ಮಾಡಬೇಕಾದ ಕೆಲಸ ಅಂತ ನನ್ನ ಅನಿಸಿಕೆ. ದಾರಿಯಲ್ಲಿ ತಗೊಂಡ ಡಬ್ಬಿಯಲ್ಲಿ 650 ಉಳಿದಿತ್ತು. ಅದೇ ಕಂಪನಿಯ, ಅದೇ ಗ್ರೇಡಿನ ಇನ್ನೊಂದು ಡಬ್ಬಿ ತಂದಿದ್ದೆ. ಮೊದಲು 500 ಹಾಕಿ ಕಡ್ಡಿ ಇಟ್ಟೆ. ಒಣ. ಇನ್ನು 50. ತುದಿ ಮಾತ್ರ ಒದ್ದೆ. ಇನ್ನು 50, ಒಟ್ಟು 600 ಆದಾಗ ಎಣ್ಣೆ ಕೆಳಗಿನ ಗೆರೆಗೆ ಬಂತು. 700ಕ್ಕೆ ಮಧ್ಯ. 800ಕ್ಕೆ ಮೇಲಿನ ಗೆರೆ. ಪ್ರತಿ ಸಲವೂ ಹಾಕಿ ಐದು ನಿಮಿಷ ಕಾದು ನೋಡಿದ್ದೇನೆ. ಲಾಳಿಕೆಯಲ್ಲಿ ಹಾಕಿದ ಎಣ್ಣೆ ಗೋಡೆ ಹಿಡಿದು ನಿಧಾನಕ್ಕೆ ಇಳಿಯುತ್ತದೆ. ಕೊನೆಗೆ ಓಡಿಸಿ, ನಿಲ್ಲಿಸಿ ನೋಡಿದರೆ ಮೇಲಿನ ಗೆರೆಗಿಂತ ಕೂದಲಿನಷ್ಟು ಕೆಳಗೆ. ಅಲ್ಲಿಗೇ ಬಿಟ್ಟೆ.

ಈಗ ನನ್ನ ಹತ್ತಿರ ಒಂದು ಬೆಲೆಯುಳ್ಳ ಸಂಖ್ಯೆ ಇದೆ: ಗೆರೆಯಿಂದ ಗೆರೆಗೆ 200 ಎಂ.ಎಲ್. ಇನ್ನು ಕಡ್ಡಿ ಬರೀ "ಇದೆ, ಇಲ್ಲ" ಅನ್ನುವುದಿಲ್ಲ. ಎಷ್ಟು ಹೋಗಿದೆ ಅಂತ ಹೇಳುತ್ತದೆ. ಅಂಗಡಿಯ ಲೆಕ್ಕದ ಪುಸ್ತಕ ಬರೆಯುವ ಕೈಗೆ ಇದು ತುಂಬಾ ಖುಷಿ ಕೊಟ್ಟಿತು. ಮಗಳ ಹಳೆ ನೋಟ್ ಬುಕ್ಕಿನ ಹಿಂದಿನ ಹಾಳೆಗಳಲ್ಲಿ ತಾರೀಖು, ಮೀಟರ್, ಹಾಕಿದ ಎಣ್ಣೆ ಅಂತ ಮೂರು ಗೆರೆ ಎಳೆದೆ.

ಜೂನ್ 1, ಭಾನುವಾರ. ಮೀಟರ್ 85,466.

ಚುಕ್ಕೆಯ ಮೇಲೆ ನಿಲ್ಲಿಸಿ ನೋಡಿದೆ. ಮಧ್ಯಕ್ಕಿಂತ ಕೆಳಗೆ. ಔಷಧಿ ಅಂಗಡಿಯ 20 ಎಂ.ಎಲ್. ಸಿರಿಂಜಿನಿಂದ ಎಣಿಸಿ ಹಾಕಿದೆ. ಮತ್ತೆ ಮೊದಲಿನ ಜಾಗಕ್ಕೆ ಬರಲು 130 ಬೇಕಾಯಿತು. ಸುಮಾರು 1000 ಕಿ.ಮೀ.ಗೆ 130 ಎಂ.ಎಲ್. ಈ ಲೆಕ್ಕದಲ್ಲಿ ಕೈಪಿಡಿ ಹೇಳುವ ಹಾಗೆ 3000ಕ್ಕೆ ಒಂದು ಸಲ ಟಾಪ್ ಅಪ್ ಅಂತ ಕಾಯುತ್ತಾ ಕೂತರೆ ಅಷ್ಟರಲ್ಲಿ ಸುಮಾರು 400 ಹೋಗಿರುತ್ತದೆ. ಆ ಬುಧವಾರ ಆಗಿದ್ದೂ ಅದೇ.

ಎಣ್ಣೆ ಹೋಗುವುದು ಎರಡೇ ದಾರಿ. ಹೊರಗೆ ಸೋರಬೇಕು, ಇಲ್ಲಾ ಒಳಗೆ ಸುಡಬೇಕು. ಮೊದಲು ಸೋರಿಕೆ ನೋಡಬೇಕು, ಅದು ಅಗ್ಗದ್ದು. ಪಾರ್ಕಿಂಗ್ ಜಾಗದಲ್ಲಿ ಹನಿ ಬಿದ್ದಿರಲಿಲ್ಲ. ಹಾಗಂತ ಸೋರುತ್ತಿಲ್ಲ ಅಂತ ಅಲ್ಲ. ನಿಂತಾಗ ಸೋರದ್ದು ಓಡುವಾಗ ಸೋರಬಹುದು, ಗಾಳಿ ಅದನ್ನು ಹಿಂದಕ್ಕೆ ಹರಡಿಬಿಡುತ್ತದೆ. ನನ್ನ ಎಂಜಿನ್ ಹೊಟ್ಟೆಯ ತುಂಬ ಮಣ್ಣು ಮತ್ತು ಎಣ್ಣೆ ಸೇರಿದ ಕಪ್ಪು ಪದರ ಇತ್ತು. ಎಲ್ಲ ಕಡೆ ಒದ್ದೆ ಇದ್ದರೆ ಎಲ್ಲಿಂದ ಬಂತು ಅಂತ ಹೇಗೆ ಹುಡುಕುವುದು?

ಶನಿವಾರ ಸಂಜೆಯೇ ಡೀಸೆಲ್ ಮತ್ತು ಹಳೆ ಹಲ್ಲುಜ್ಜುವ ಬ್ರಷ್ ಹಿಡಿದು ಕೂತಿದ್ದೆ. ಗಾಳಿಗೆ ತಣ್ಣಗಾಗಲು ಸಿಲಿಂಡರ್ ಸುತ್ತ ಇರುವ ಫಿನ್ನುಗಳ ಸಂದಿಯಿಂದ ಚೇಂಬರ್ ತಳದವರೆಗೆ ತಿಕ್ಕಿ, ಸೋಪಿನ ನೀರಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ರಾತ್ರಿಯೆಲ್ಲ ಒಣಗಲು ಬಿಟ್ಟಿದ್ದೆ. ಭಾನುವಾರ ಬೆಳಗ್ಗೆ ಮನೆಯಲ್ಲಿದ್ದ, ಮುಖಕ್ಕೆ ಹಚ್ಚುವ ಪೌಡರ್ ಡಬ್ಬಿ ತಗೊಂಡು ಎಂಜಿನ್‌ನ ಕೀಲುಗಳ ಮೇಲೆಲ್ಲ ಉದುರಿಸಿದೆ. ಹೆಡ್ (ಸಿಲಿಂಡರಿನ ತಲೆ) ಸುತ್ತ, ಸಿಲಿಂಡರ್ ಕೆಳಗೆ, ಕ್ಲಚ್ ಕವರ್ ಅಂಚಿಗೆ, ಗೇರ್ ಶಾಫ್ಟ್ ಹೊರಬರುವ ಕಡೆ, ಡ್ರೇನ್ ನಟ್ಟಿಗೆ. ಇಡೀ ಎಂಜಿನ್ ವಿಭೂತಿ ಬಳಿದ ಹಾಗೆ ಬೆಳ್ಳಗೆ. ಹಾಗೇ ಸೇಡಂ ರಸ್ತೆ ಹಿಡಿದು ಬುದ್ಧ ವಿಹಾರದವರೆಗೆ ಹೋಗಿ, ರಿಂಗ್ ರೋಡ್ ಒಂದು ಸುತ್ತು ಹಾಕಿ ಬಂದೆ.

ನೆಲದ ಮೇಲೆ ಮಲಗಿ ಟಾರ್ಚ್ ಹಾಕಿದೆ. ಡ್ರೇನ್ ನಟ್ ಬೆಳ್ಳಗೆ, ಒಣ. ಕ್ಲಚ್ ಕವರ್ ಒಣ. ಗೇರ್ ಶಾಫ್ಟ್ ಒಣ. ಹೆಡ್ಡಿನ ಕೆಳಭಾಗದಲ್ಲಿ, ಎಕ್ಸಾಸ್ಟ್ (ಹೊಗೆ ಹೊರಹೋಗುವ) ಕಡೆಯ ಟ್ಯಾಪೆಟ್ ಮುಚ್ಚಳದ (ವಾಲ್ವ್ ಗ್ಯಾಪ್ ಸರಿಮಾಡಲು ಬಿಚ್ಚುವ ಮುಚ್ಚಳ) ಸುತ್ತ, ಪೌಡರ್ ಬೂದು ಬಣ್ಣಕ್ಕೆ ತಿರುಗಿ ಹಸಿ ಆಗಿತ್ತು. ಅಲ್ಲಿಂದ ಒಂದು ತೆಳ್ಳನೆ ಕಪ್ಪು ಗೆರೆ. ಫಿನ್ನುಗಳ ಕೆಳಗಿಂದ ಹಿಂದಕ್ಕೆ ಹೋಗಿ ಚೇಂಬರ್ ಮೇಲೆ ಬೀಸಣಿಗೆಯ ಹಾಗೆ ಅಗಲವಾಗಿ ಹರಡಿತ್ತು. ಬೆರಳಿಟ್ಟು ನೋಡಿದೆ. ಬಿಸಿ ಎಣ್ಣೆ.

ಸ್ಪ್ಲೆಂಡರ್‌ನ ಸಿಲಿಂಡರ್ ಹೆಚ್ಚುಕಮ್ಮಿ ಮುಂದಕ್ಕೆ ಮಲಗಿರುತ್ತದೆ. ಅದಕ್ಕೇ ಒಂದು ಟ್ಯಾಪೆಟ್ ಮುಚ್ಚಳ ಮೇಲಕ್ಕೆ, ಇನ್ನೊಂದು ನೆಲಕ್ಕೆ ಮುಖ ಮಾಡಿರುತ್ತದೆ. ಕೆಳಗಿನದ್ದು ಎಕ್ಸಾಸ್ಟ್ ಕಡೆಯದು, ಅಲ್ಲಿ ಬಿಸಿಯೂ ಜಾಸ್ತಿ, ಒಳಗಿನ ಎಣ್ಣೆಯೂ ಅದರ ಮೇಲೆಯೇ ನಿಲ್ಲುತ್ತದೆ. ಅದನ್ನು ತಡೆಯುವುದು ಒಂದು ಸಣ್ಣ ರಬ್ಬರ್ ಓ-ರಿಂಗ್.

ಸೋಮವಾರ ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆ ಹೋಗಿ ಒಂದು ಜೋಡಿ ಓ-ರಿಂಗ್ ತಂದೆ. ಮಂಗಳವಾರ ಬೆಳಗ್ಗೆ ಐದು ಗಂಟೆಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ಬಿಚ್ಚಿದೆ. ಕೆಳಗೆ ತಟ್ಟೆ ಇಡಿ, ಸ್ವಲ್ಪ ಎಣ್ಣೆ ಬಂದೇ ಬರುತ್ತದೆ. ಹಳೆ ರಿಂಗ್ ಉಗುರಿಗೆ ಹತ್ತಲಿಲ್ಲ. ಸಣ್ಣ ಸ್ಕ್ರೂ ಡ್ರೈವರ್ ತುದಿಯಿಂದ ಎಬ್ಬಿಸಿದರೆ ಚಟ್ ಅಂತ ಮೂರು ತುಂಡಾಯಿತು. ರಬ್ಬರ್ ಅನ್ನುವ ಗುಣವೇ ಉಳಿದಿರಲಿಲ್ಲ, ಬಳೆ ಚೂರಿನ ಹಾಗೆ ಗಟ್ಟಿ. ದುಂಡಗೆ ಇರಬೇಕಾದ ಮೈ ಚಪ್ಪಟೆ. ಹದಿನಾರು ವರ್ಷ ಬಿಸಿ ತಿಂದ ರಬ್ಬರ್, ಅದರದ್ದೇನೂ ತಪ್ಪಿಲ್ಲ. ಗಾಡಿಯಲ್ಲಿ ಕೂರಿಸುವ ಕಡೆ ಒರೆಸಿ, ಹೊಸ ರಿಂಗಿಗೆ ಬೆರಳಿನಲ್ಲಿ ಎಂಜಿನ್ ಆಯಿಲ್ ಸವರಿ, ತಿರುಚದ ಹಾಗೆ ಕೂರಿಸಿ, ಮುಚ್ಚಳ ಹಾಕಿದೆ. ಇದಕ್ಕೂ ಭಾರಿ ಬಿಗಿ ಬೇಡ. ತಡೆಯುವುದು ರಿಂಗ್, ಕೈಯ ಬಲ ಅಲ್ಲ. ಮೇಲಿನದ್ದೂ ಬದಲಿಸಿದೆ. ಇಳಿದ ಎಣ್ಣೆ ಅಳೆದು ಅಷ್ಟೇ ಹೊಸದು ಹಾಕಿದೆ, ಇಲ್ಲದಿದ್ದರೆ ಮುಂದಿನ ಲೆಕ್ಕ ಕೆಡುತ್ತದೆ.

ಜೂನ್ 15, ಭಾನುವಾರ. ಮೀಟರ್ 86,450.

ಮಿರಗದ (ಮೃಗಶಿರ) ಮಳೆಯ ಹೊತ್ತು, ತೊಗರಿ ಬಿತ್ತನೆ ಅಂತ ಅಂಗಡಿಯಲ್ಲಿ ಉಸಿರಾಡಲು ಬಿಡುವಿಲ್ಲ. ಆದರೂ ಭಾನುವಾರದ ಹದಿನೈದು ನಿಮಿಷ ಬಿಟ್ಟಿಲ್ಲ. ಈ ಸಲ 60 ಎಂ.ಎಲ್. ಹಿಡಿಯಿತು. 130 ಇದ್ದದ್ದು 60ಕ್ಕೆ ಇಳಿದಿದೆ. ಎಂಜಿನ್ ಕೆಳಗೆ ಒಣ. ಆ ಓ-ರಿಂಗ್ ಬೆಲೆ ಎರಡು ಚಹಾದ್ದು.

ಉಳಿದ 60 ಎಲ್ಲಿ ಹೋಗುತ್ತಿದೆ ಅಂತ ಎರಡು ವಾರದಿಂದ ಗಮನಿಸುತ್ತಿದ್ದೆ. ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್‌ನಿಂದ ತೆಳು ನೀಲಿ ಹೊಗೆ ಒಂದು ಉಸಿರಿನಷ್ಟು ಬರುತ್ತದೆ. ಆಮೇಲೆ ಇಲ್ಲ. ಲೋಡ್ ಹಾಕಿ ಎಳೆದರೂ ಹೊಗೆ ಇಲ್ಲ. ಪಿಸ್ಟನ್ ರಿಂಗ್ ಸವೆದಿದ್ದರೆ ರೇಸ್ ಕೊಟ್ಟು ಎಳೆಯುವಾಗಲೇ ಹೊಗೆ ಬರಬೇಕಿತ್ತು. ರಾತ್ರಿ ನಿಂತು ಬೆಳಗ್ಗೆ ಮಾತ್ರ ಬಂದರೆ ವಾಲ್ವ್ ಸೀಲ್ (ಅಲ್ಲಿ ಎಣ್ಣೆ ತಡೆಯುವ ರಬ್ಬರ್) ಗಟ್ಟಿಯಾಗಿ, ಹೆಡ್ಡಿನ ಎಣ್ಣೆ ವಾಲ್ವ್ ಕಡ್ಡಿ ಹಿಡಿದು ನಿಧಾನಕ್ಕೆ ಒಳಗೆ ಇಳಿದಿರುತ್ತದೆ.

ಜೂನ್ 22ರ ಭಾನುವಾರ ರಿಂಗ್ ರೋಡಿನ ಹತ್ತಿರ ಅಪ್ಪನ ಕಾಲದಿಂದ ಗೊತ್ತಿರುವ ಮಿಸ್ತ್ರಿ ಕಾಕಾ ಹತ್ತಿರ ಒಯ್ದೆ. ನೋಟ್ ಬುಕ್ ಕೂಡ. ಅವರು ಕನ್ನಡಕ ಏರಿಸಿ ಹಾಳೆ ತಿರುವಿದರು.

"ಸಾವಿರ ಕಿಲೋಮೀಟರಿಗಿ ಅರವತ್ತೇನು?"

"ಹೌದ್ರಿ ಕಾಕಾ. ಮೊದ್ಲ ನೂರಾ ಮೂವತ್ತಿತ್ತು."

"ಸೀಲ್ ಹಾಕಬೇಕಂದ್ರ ಹೆಡ್ ಇಳಸ್ಬೇಕಾಗ್ತದ. ಅರವತ್ತಕ್ಕ ನಾ ಬಿಚ್ಚಲ್ಲಪಾ. ಹಳಿ ಗಾಡಿ ಅದ, ಇಷ್ಟು ಕುಡೀತದ. ನೂರೈವತ್ತು ದಾಟ್ತಂದ್ರ ಬಾ. ಅಲ್ಲೀತನ ಹಿಂಗೇ ನೋಡ್ಕೋತ ಹಾಕ್ಕೋತ ಓಡಸು."

20ಡಬ್ಲ್ಯೂ-40 ಹಾಕಿದರೆ ಹೇಗೆ ಅಂತ ಕೇಳಿದೆ. ಹಳೆ ಗಾಡಿಗೆ, ನಮ್ಮ ಬಿಸಿಲಿಗೆ ದಪ್ಪ ಆಯಿಲ್ ಒಳ್ಳೆಯದು ಅಂತ ಇಲ್ಲಿ ಬಹಳ ಜನ ಹೇಳುತ್ತಾರೆ. ಬಿಸಿಯಲ್ಲಿ ಅದು 30ಕ್ಕಿಂತ ದಪ್ಪ ನಿಲ್ಲುವುದು ನಿಜ, ಸವೆದ ಎಂಜಿನ್‌ನಲ್ಲಿ ಸ್ವಲ್ಪ ಕಡಿಮೆ ಸುಡುವುದೂ ನಿಜ. ಕಾಕಾ ಹೇಳಿದ್ದು ನನಗೆ ಸರಿ ಅನ್ನಿಸಿತು: "ಪೈಲೆ ಸೋರೋದು ಬಂದ್ ಮಾಡು, ಆಮೇಲ ಎಣ್ಣಿ ಬದಲಿ ಮಾಡೋ ಮಾತು. ನೀ ಮೊದ್ಲೇ ದಪ್ಪ ಹಾಕಿದ್ದಿ ಅಂದ್ರ ಆ ಮುಚ್ಚಳ ಸೋರೋದು ನಿನಗ ಎಂದೂ ತಿಳೀತಿರಲಿಲ್ಲ." ಕೈಪಿಡಿಯ 10ಡಬ್ಲ್ಯೂ-30ಯಲ್ಲೇ ಇದ್ದೇನೆ. ಅವರು ಟ್ಯಾಪೆಟ್ ಗ್ಯಾಪ್ ಮಾತ್ರ ನೋಡಿ ಸೆಟ್ ಮಾಡಿಕೊಟ್ಟರು. ಒಂದು ಸ್ವಲ್ಪ ಸಡಿಲ ಇತ್ತು.

ಜುಲೈ 6, ಭಾನುವಾರ. ಮೀಟರ್ 87,920.

ಆಯಿಲ್ ಬದಲಿಸಿದೆ. ಕೈಪಿಡಿ 6000 ಅನ್ನುತ್ತದೆ. ನಾನು 3000 ದಾಟಿದ ಮೇಲೆ ಬರುವ ಮೊದಲ ಭಾನುವಾರ ಅಂತ ಇಟ್ಟುಕೊಂಡಿದ್ದೇನೆ. ಗಾಡಿ ಹಳೆಯದು, ರಸ್ತೆಯಲ್ಲಿ ಧೂಳು ಜಾಸ್ತಿ, ಈ ಎಂಜಿನ್‌ಗೆ ಬದಲಿಸುವ ಕಾಗದದ ಫಿಲ್ಟರ್ ಇಲ್ಲ. ಒಳಗೆ ಒಂದು ಜಾಲರಿ ಮತ್ತು ತಿರುಗಿಸಿ ಕೊಳೆ ಬೇರ್ಪಡಿಸುವ ಬಟ್ಟಲು ಇದೆ. ಅದನ್ನು ತೊಳೆಯಲು ಬಲಗಡೆ ಕವರ್ ಬಿಚ್ಚಬೇಕು. ದಸರಾ ಹೊತ್ತಿಗೆ ಕಾಕಾ ಕೈಯಲ್ಲಿ ಮಾಡಿಸುತ್ತೇನೆ.

ಇಳಿದ ಎಣ್ಣೆ ಕಪ್ಪಗಿತ್ತು. ಕಪ್ಪು ಅಂದ ಮಾತ್ರಕ್ಕೆ ಗಾಬರಿ ಬೇಡ, ಒಳಗಿನ ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಎರಡು ಬೆರಳ ನಡುವೆ ಉಜ್ಜಿದೆ, ತರಿ ಇಲ್ಲ. ಮೂಸಿದೆ, ಪೆಟ್ರೋಲ್ ವಾಸನೆ ಇಲ್ಲ. ಬಿಸಿಲಿಗೆ ಹಿಡಿದು ಲೋಹದ ಚೂರು ಹೊಳೆಯುತ್ತದಾ ನೋಡಿದೆ, ಇಲ್ಲ. ಮಳೆಗಾಲದಲ್ಲಿ ಇನ್ನೊಂದು ನೋಡಬೇಕು: ಹಾಲು ಬೆರೆಸಿದ ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ ಅಂತ ಅರ್ಥ. ಅಂಥ ಎಣ್ಣೆಯಲ್ಲಿ ಒಂದು ಕಿಲೋಮೀಟರೂ ಓಡಿಸಬೇಡಿ.

ಹಳೆ ಎಣ್ಣೆ ಡಬ್ಬಿಗೆ ತುಂಬಿ ಕಾಕಾನ ಗ್ಯಾರೇಜಿನ ಡ್ರಮ್ಮಿಗೆ ಕೊಟ್ಟೆ. ಮೋರಿಗೆ ಸುರಿಯಬೇಡಿ. ಮೋರಿಯಿಂದ ಅದು ನಾಲೆಗೆ, ಅಲ್ಲಿಂದ ಯಾರದೋ ಬಾವಿಗೆ ಹೋಗುತ್ತದೆ. ಖಾಲಿಯಾದ ಹೊಸ ಡಬ್ಬಿಯನ್ನು ಕತ್ತರಿಸಿಯೇ ರದ್ದಿಗೆ ಹಾಕಿದೆ. ಇಡಿಯಾಗಿ ಬಿಟ್ಟರೆ ಅದರಲ್ಲಿ ಕಳಪೆ ಎಣ್ಣೆ ತುಂಬಿ ಮಾರುವವರಿದ್ದಾರೆ.

ಆಗಸ್ಟ್ 3, ಭಾನುವಾರ. ಮೀಟರ್ 89,876.

ಜುಲೈ 20ಕ್ಕೆ 55 ಹಾಕಿದ್ದೆ. ಇವತ್ತು ಮಗಳು ತಾನೇ ನೋಡುತ್ತೇನೆ ಅಂದಳು. ಐದನೇ ಕ್ಲಾಸು. ಗಾಡಿಯನ್ನು ಬಿಳಿ ಚುಕ್ಕೆಗಳ ಮೇಲೆ ನಾನು ಏರಿಸಿಕೊಟ್ಟೆ. ಮೂರು ನಿಮಿಷ ಓಡಿಸಿ, ಮೂರು ನಿಮಿಷ ಅವಳೇ ಗಡಿಯಾರ ಹಿಡಿದು ಕೂತಳು. ಮುಚ್ಚಳದ ಸುತ್ತ ಒರೆಸಿದಳು. ತೆಗೆದಳು, ಬಟ್ಟೆಯಲ್ಲಿ ಕಡ್ಡಿ ಒರೆಸಿದಳು, ತಿರುಗಿಸದೆ ನೆಟ್ಟಗೆ ಇಟ್ಟು ಮೇಲೆತ್ತಿ ಬೆಳಕಿಗೆ ಹಿಡಿದಳು. ಎಣ್ಣೆಯ ಅಂಚು ಮೇಲಿನ ಗೆರೆಗಿಂತ ಸ್ವಲ್ಪ ಕೆಳಗೆ ಹೊಳೆಯುತ್ತಿತ್ತು.

"ಅಪ್ಪಾ, ಎಷ್ಟು ಬರೀಲಿ?"

"ತಾಳು, ಇನ್ನೊಮ್ಮೆ ಒರಸಿ ನೋಡು. ಎರಡು ಸಲ ಒಂದೇ ಬಂದ್ರ ಬರಿ."

ಎರಡನೇ ಸಲವೂ ಅಲ್ಲಿಗೇ ಬಂತು. ಮೂರು ಸಿರಿಂಜ್ ಹಾಕಿದೆವು. ಅವಳು ತಾರೀಖು, ಮೀಟರ್ ಬರೆದು ಪಕ್ಕದಲ್ಲಿ 60 ಅಂತ ಬರೆದಳು.